ಜಾದೂಗಾರ್ತಿಯ ಪಾತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ವೇದಿಕೆಯ ಮೇಲೆ ಜಾದೂ ಮಾಡುವ ಹೆಣ್ಣುಮಕ್ಕಳು ಕಳಿಸಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಯಾವ ಟ್ರಿಕ್ಕಿನ ಗುಟ್ಟನ್ನೂ ಇಲ್ಲಿ ಬಿಚ್ಚಿಲ್ಲ. ಟ್ರಿಕ್ ಕೈಗೆ ಕೂತ ಮೇಲೆ ಉಳಿಯುವ ಕೆಲಸದ ಬಗ್ಗೆಯೇ ಎಲ್ಲ ಉತ್ತರಗಳೂ ಇವೆ.

ಪ್ರಶ್ನೆ: ಎಂಟು ಐಟಂ ಚೆನ್ನಾಗಿ ಕೂತಿವೆ, ಕೈ ತಪ್ಪುವುದಿಲ್ಲ, ಚಪ್ಪಾಳೆಯೂ ಬೀಳುತ್ತದೆ. ಆದರೆ ಮುಗಿದ ಮೇಲೆ ಜನ "ಆ ಹಗ್ಗದ್ದು ಚೆನ್ನಾಗಿತ್ತು" ಅನ್ನುತ್ತಾರೆಯೇ ಹೊರತು ನಾನು ಯಾರಿಗೂ ನೆನಪಿರುವುದಿಲ್ಲ. "ನಿನಗೊಂದು ಪಾತ್ರ ಬೇಕು" ಎಂದು ಹಿರಿಯರು ಹೇಳುತ್ತಾರೆ. ಅದನ್ನು ಎಲ್ಲಿಂದ ಶುರು ಮಾಡಲಿ?

ಉತ್ತರ: ಬಟ್ಟೆಯಿಂದಂತೂ ಶುರು ಮಾಡಬೇಡಿ. ಹೆಚ್ಚಿನವರು ಮೊದಲು ಉಡುಪು ಹೊಲಿಸಿಕೊಂಡು, ಆಮೇಲೆ ಅದರೊಳಗೆ ಇರುವವಳು ಯಾರು ಎಂದು ಹುಡುಕುತ್ತಾರೆ. ದುಡ್ಡು ಖರ್ಚಾಗಿರುವುದರಿಂದ ಉಡುಪಿಗೆ ಹೊಂದುವ ಪಾತ್ರವನ್ನೇ ಒಪ್ಪಿಕೊಂಡು ಕೂರಬೇಕಾಗುತ್ತದೆ.

ಕಾಗದ ತೆಗೆದುಕೊಂಡು ಮೂರು ತೀರ್ಮಾನ ಬರೆಯಿರಿ. ವೇದಿಕೆಯ ಮೇಲೆ ನೀವಾಗಲಿರುವ ಈಕೆಗೆ ಈ ಜಾದೂ ಶಕ್ತಿ ಎಲ್ಲಿಂದ ಬಂತು? ಆ ಶಕ್ತಿಯ ಬಗ್ಗೆ ಈಕೆಗೆ ಏನನ್ನಿಸುತ್ತದೆ? ಎದುರು ಕೂತವರಿಂದ ಈಕೆಗೆ ಏನು ಬೇಕು? ಈ ಮೂರು ಗೊತ್ತಾದರೆ ನಡಿಗೆ, ಮಾತು, ಉಡುಪು, ಐಟಂಗಳ ಆಯ್ಕೆ ಎಲ್ಲಕ್ಕೂ ಅಲ್ಲಿಂದಲೇ ದಾರಿ ಸಿಗುತ್ತದೆ.

ಹರಿದ ಪತ್ರಿಕೆ ಮತ್ತೆ ಒಂದಾಗುವ ಐಟಂ ನಿಮಗೆ ಗೊತ್ತಿರುತ್ತದೆ. ತನ್ನ ಕೈಯ ಕಸುಬೇ ತನ್ನ ಬಲ ಎನ್ನುವವಳು ಅದನ್ನು ಪಂಥದಂತೆ ಮಾಡುತ್ತಾಳೆ. ಪ್ರತಿ ಚೂರನ್ನೂ ಎತ್ತಿ ತೋರಿಸುತ್ತಾ ನಿಧಾನವಾಗಿ ಹರಿಯುತ್ತಾಳೆ, ಹಾಳೆ ಒಂದಾಗುವ ಹೊತ್ತಿಗೆ ಹಾಳೆಯನ್ನು ಬಿಟ್ಟು ಜನರ ಮುಖ ನೋಡುತ್ತಾಳೆ. ಶಕ್ತಿ ತನ್ನ ಹಿಡಿತದಲ್ಲಿಲ್ಲ ಎನ್ನುವವಳು ಸುದ್ದಿ ಓದಿ ಸಿಟ್ಟಿಗೆದ್ದು ಪರಪರನೆ ಹರಿದುಹಾಕುತ್ತಾಳೆ. ಅದು ತಾನಾಗಿ ಕೂಡಿಕೊಂಡಾಗ ಎಲ್ಲರಿಗಿಂತ ಮೊದಲು ಬೆಚ್ಚುವವಳು ಅವಳೇ. ವಸ್ತುಗಳ ಜೊತೆ ಸಲಿಗೆಯಿರುವ ಮೂರನೆಯವಳು ಚೂರುಗಳನ್ನು ಅಂಗೈಯಲ್ಲಿ ಒಟ್ಟುಮಾಡಿ ಸಮಾಧಾನ ಹೇಳುತ್ತಾಳೆ. ಮೂವರ ವಿಧಾನವೂ ಒಂದೇ. ಹರಿಯುವ ವೇಗ, ನೋಟ ನಿಲ್ಲುವ ಜಾಗ, ಎಲ್ಲಿ ಸುಮ್ಮನಾಗುತ್ತಾಳೆ ಎನ್ನುವುದು ಬೇರೆ ಬೇರೆ. ಜನರ ನೆನಪಿನಲ್ಲಿ ಉಳಿಯುವುದೂ ಅದೇ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಒಂದಿದೆ. "ನಿಗೂಢ", "ಗಂಭೀರ", "ಲವಲವಿಕೆಯ" ಎಂಬ ವಿಶೇಷಣಗಳನ್ನು ಬರೆದಿಟ್ಟುಕೊಳ್ಳುತ್ತಾರೆ. ನಿಗೂಢತೆಯನ್ನು ಯಾರೂ ಅಭಿನಯಿಸಲಾರರು; ಅಭಿನಯಿಸಲು ಹೋದರೆ ಕಣ್ಣು ಕಿರಿದು ಮಾಡಿ, ದನಿ ಇಳಿಸಿ, ಎಲ್ಲವನ್ನೂ ನಿಧಾನ ಮಾಡುವುದಷ್ಟೇ ಆಗುತ್ತದೆ. ಮಾಡಲಿಕ್ಕೆ ಆಗುವುದು ಕ್ರಿಯೆಯನ್ನು. ಆದ್ದರಿಂದ ಕ್ರಿಯಾಪದವಿರುವ ಒಂದು ವಾಕ್ಯ ಬರೆಯಿರಿ: "ಎಲ್ಲರೂ ಮುಚ್ಚಿಟ್ಟದ್ದು ಇವಳಿಗೆ ಕಾಣುತ್ತದೆ, ಹೇಳಲಿಕ್ಕೆ ಇವಳಿಗೆ ಸಂಕೋಚ." ಹತ್ತು ಹನ್ನೆರಡು ಪದ ಸಾಕು. ಆ ವಾಕ್ಯ ಕೈಯಲ್ಲಿಟ್ಟುಕೊಂಡು ನಿಮ್ಮ ಎಂಟೂ ಐಟಂಗಳನ್ನು ಒಂದೊಂದಾಗಿ ನೋಡಿ. ಇವಳು ಇದನ್ನು ಯಾಕೆ ಮಾಡುತ್ತಾಳೆ ಎಂಬುದಕ್ಕೆ ಉತ್ತರ ಸಿಗದ ಐಟಂ, ಎಷ್ಟೇ ಚಪ್ಪಾಳೆ ತರಲಿ, ಸದ್ಯಕ್ಕೆ ಪೆಟ್ಟಿಗೆಗೆ ಹೋಗಲಿ. ಎರಡು ಮೂರಾದರೂ ಹೋಗುತ್ತವೆ. ಉಳಿದವುಗಳ ಮಾತನ್ನು ಹೊಸದಾಗಿ ಬರೆಯಿರಿ. ಕೊಂಡ ಜಾದೂ ಸಾಮಾನಿನ ಜೊತೆ ಬಂದ ಸೂಚನೆ ಹಾಳೆಯಲ್ಲಿರುವ ಮಾತನ್ನು ಒಂದಕ್ಷರವೂ ಉಳಿಸಿಕೊಳ್ಳಬೇಡಿ. ಅದೇ ಹಾಳೆ ನೂರಾರು ಜನರ ಬಳಿ ಇದೆ.

ಪಾತ್ರಕ್ಕೆ ಬೀಜ ನಿಮ್ಮೊಳಗಿನದೇ ಇರಲಿ. ನಿಮ್ಮನ್ನು ಹತ್ತಿರದಿಂದ ಬಲ್ಲ ಮೂವರನ್ನು ಕೇಳಿ: ನಾನು ಸಿಟ್ಟಾದಾಗ ಹೇಗಿರುತ್ತೇನೆ, ಏನನ್ನಾದರೂ ಕಲಿಸುವಾಗ ಹೇಗೆ, ಗುಟ್ಟು ಇಟ್ಟುಕೊಂಡಿರುವಾಗ ಹೇಗೆ? ಮೂವರೂ ಹೇಳುವ ಒಂದು ಸ್ವಭಾವ ಇದ್ದೇ ಇರುತ್ತದೆ. ಅದನ್ನು ವೇದಿಕೆಯ ಅಳತೆಗೆ ಹಿಗ್ಗಿಸಿ. ನಿಮ್ಮಿಂದ ತೀರಾ ದೂರದ ಪಾತ್ರವಾದರೆ ಬರೆದಿಟ್ಟ ಮಾತು ಒಪ್ಪಿಸಬಹುದು, ಆದರೆ ಮಗುವೊಂದು ಅತ್ತರೆ, ದೀಪ ಹೋದರೆ, ಆ ಪಾತ್ರ ಏನು ಮಾಡುತ್ತದೆ ಎಂದು ಹೊಳೆಯುವುದಿಲ್ಲ. ಆ ಕ್ಷಣ ಪಾತ್ರ ಕಳಚಿ ಬೀಳುತ್ತದೆ.

ಕೊನೆಗೆ ವಿಡಿಯೊ ಮಾಡಿ ಎರಡು ಸಲ ನೋಡಿ: ಒಮ್ಮೆ ಶಬ್ದವಿಲ್ಲದೆ, ಒಮ್ಮೆ ಚಿತ್ರವಿಲ್ಲದೆ. ಶಬ್ದ ಮುಚ್ಚಿದಾಗ ಅವಳು ಯಾರೆಂದು ಗೊತ್ತಾಗದಿದ್ದರೆ ಪಾತ್ರವೆಲ್ಲ ಬರೀ ಮಾತಿನಲ್ಲಿದೆ ಎಂದರ್ಥ.

ಪ್ರಶ್ನೆ: ವೇದಿಕೆ ಹತ್ತಿದ ಕೂಡಲೇ ಜನ ನನ್ನ ಹಿಂದೆ ಯಾರೋ ಬರುತ್ತಾರೆ ಎಂದು ಕಾಯುತ್ತಾರೆ. ನನ್ನನ್ನು ಸಹಾಯಕಿ ಅಂದುಕೊಳ್ಳುತ್ತಾರೆ. ಸಾಮಾನು ಎತ್ತಿಕೊಡಲು ಒಬ್ಬ ಹುಡುಗನಿದ್ದಾನೆ, ಅವನನ್ನೇ ಜಾದೂಗಾರ ಎಂದುಕೊಂಡವರೂ ಇದ್ದಾರೆ.

ಉತ್ತರ: ಈ ಅಭ್ಯಾಸ ಜನರಿಗೆ ಹಿಡಿದು ನೂರು ವರ್ಷದ ಮೇಲಾಯಿತು. 1921ರ ಜನವರಿಯಲ್ಲಿ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಎಂಪೈರ್‌ನಲ್ಲಿ ಜಾದೂಗಾರ ಪಿ. ಟಿ. ಸೆಲ್ಬಿಟ್ ಪೆಟ್ಟಿಗೆಯಲ್ಲಿದ್ದ ಹೆಂಗಸನ್ನು ಗರಗಸದಿಂದ ಎರಡು ಭಾಗ ಮಾಡಿ ತೋರಿಸಿದ. ಅದು ಜಗತ್ತಿನ ತುಂಬ ಹರಡಿತು. ಪೆಟ್ಟಿಗೆಯೊಳಗೆ ಹೆಣ್ಣು, ಹೊರಗೆ ಗಂಡು ಎಂಬ ಚಿತ್ರ ಗಟ್ಟಿಯಾಯಿತು. ಲಂಡನ್ನಿನ ಜಾದೂಗಾರರ ಸಂಘವಾದ ಮ್ಯಾಜಿಕ್ ಸರ್ಕಲ್ ಸ್ಥಾಪನೆಯಾದದ್ದು 1905ರಲ್ಲಿ. ಅದು ಹೆಂಗಸರಿಗೆ ಸದಸ್ಯತ್ವ ಕೊಟ್ಟದ್ದು 1991ರಲ್ಲಿ. ಆದರೆ ಪೆಟ್ಟಿಗೆಯ ಹೊರಗೆ ನಿಂತು ಆಳಿದವರು ಆಗಲೂ ಇದ್ದರು. ಅಡಿಲೇಡ್ ಹರ್ಮನ್ ಬಹುಕಾಲ ಜಾದೂಗಾರ ಗಂಡನ ಪ್ರದರ್ಶನದಲ್ಲಿ ಸಹಾಯಕಿಯಾಗಿದ್ದವರು. 1896ರಲ್ಲಿ ಆತ ತೀರಿಕೊಂಡ ಮೇಲೆ ತಂಡವನ್ನು ಕೈಗೆತ್ತಿಕೊಂಡರು. ಮರುವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೇರಾ ಹೌಸ್‌ನಲ್ಲಿ ಬಂದೂಕಿನಿಂದ ಹಾರಿಸಿದ ಗುಂಡನ್ನು ಹಿಡಿಯುವ ಅಪಾಯದ ಐಟಂ ತಾವೇ ಮಾಡಿದರು. ಸಹಾಯಕಿಯಾಗಿ ಕಂಡವರನ್ನೇ ಜನ ಒಡತಿಯಾಗಿ ಒಪ್ಪಬೇಕಿದ್ದರೆ ಶುರುವಿನಲ್ಲೇ ಇಂಥದ್ದೊಂದು ಬೇಕಿತ್ತು.

ನಿಮಗೆ ಗುಂಡು ಬೇಡ, ಮೊದಲ ಅರ್ಧ ನಿಮಿಷ ಸಾಕು. ಪರಿಚಯದ ಮಾತನ್ನು ನೀವೇ 25 ಪದದೊಳಗೆ ಬರೆದು, ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿ ನಿರೂಪಕರ ಕೈಗೆ ಕೊಡಿ. "ಸುಂದರಿ", "ಮಹಿಳಾ ಜಾದೂಗಾರ್ತಿ" ಎಂಬ ಮಾತು ಅದರಲ್ಲಿ ಬೇಡ. ನಿಮ್ಮ ಹೆಸರು ಕೊನೆಯ ಪದವಾಗಿರಲಿ, ಚಪ್ಪಾಳೆ ಅದರ ಮೇಲೆ ಬೀಳುತ್ತದೆ. ಒಬ್ಬರೇ ಬನ್ನಿ, ನಡುವೆ ನಿಲ್ಲಿ, ಎರಡು ಉಸಿರು ಜನರನ್ನು ನೋಡಿ, ಆಮೇಲೆ ಶುರು ಮಾಡಿ. ಮೊದಲ ಅದ್ಭುತ ಮೂವತ್ತು ಸೆಕೆಂಡಿನೊಳಗೆ, ನಿಮ್ಮ ಬರಿಗೈಯಿಂದ ಆಗಬೇಕು. ಪೆಟ್ಟಿಗೆ, ಯಂತ್ರ, ಹೊಳೆಯುವ ಡಬ್ಬಿಯಿಂದ ಶುರು ಮಾಡಿದರೆ ಶಕ್ತಿ ಡಬ್ಬಿಯದ್ದಾಗುತ್ತದೆ, ನೀವು ಅದರ ಪಕ್ಕ ನಿಂತವಳಾಗುತ್ತೀರಿ.

ಮೈಯ ಭಾಷೆಯಲ್ಲೂ ಸಹಾಯಕಿಯ ಗುರುತುಗಳಿವೆ: ತೂಕ ಹಿಂದಿನ ಕಾಲಿನ ಮೇಲೆ, ಒಂದು ಮೊಣಕಾಲು ಬಾಗಿ, ಅಂಗೈ ಬಿಡಿಸಿ ವಸ್ತುವಿನ ಕಡೆ ತೋರಿಸುವುದು, ಮಾಸದ ನಗು. ನೃತ್ಯ ಕಲಿತವರಲ್ಲಿ ಇದು ತಿಳಿಯದೆಯೇ ಬಂದುಬಿಡುತ್ತದೆ. ತೂಕವನ್ನು ಎರಡೂ ಕಾಲಿಗೆ ಹಂಚಿ. ಜನ ವಸ್ತುವನ್ನು ನೋಡಬೇಕಾದಾಗ ನೀವೂ ವಸ್ತುವನ್ನೇ ನೋಡಿ. ನಿಮ್ಮನ್ನು ನೋಡಬೇಕಾದಾಗ ತಲೆ ಎತ್ತಿ ಅವರನ್ನು ನೋಡಿ. ಅದ್ಭುತ ಆದ ಗಳಿಗೆಯಲ್ಲಿ ನಗದೆ ಒಂದು ಕ್ಷಣ ಸುಮ್ಮನಿರಿ, ಅದು ನಿಮ್ಮದು ಎಂದು ಜನರಿಗೆ ತಿಳಿಯಲಿ.

ಹುಡುಗನ ವಿಷಯ. ಅವನು ಪ್ರೇಕ್ಷಕರ ಕಡೆ ನೋಡಬಾರದು, ನಿಮ್ಮನ್ನೇ ನೋಡಬೇಕು. ನೀವು ಕೈ ಚಾಚಿದ ಮೇಲೆ ವಸ್ತು ಬರಬೇಕೇ ಹೊರತು ಅವನು ತಂದದ್ದಕ್ಕೆ ನೀವು ಕೈ ಚಾಚಬಾರದು. ಬಟ್ಟೆ ಮಾಸಲು ಬಣ್ಣದ್ದು. ನಿಮ್ಮ ಮೊದಲ ಐಟಂ ಮುಗಿಯುವ ತನಕ ಅವನು ಕಾಣಿಸಿಕೊಳ್ಳುವುದೇ ಬೇಡ.

ಪ್ರಶ್ನೆ: ಪುಸ್ತಕಗಳೆಲ್ಲ "ಕೋಟಿನ ಒಳಜೇಬು", "ಪ್ಯಾಂಟಿನ ಜೇಬು" ಎಂದೇ ಹೇಳುತ್ತವೆ. ನನ್ನ ಗೌನಿಗೆ ಜೇಬೇ ಇಲ್ಲ. ಕೋಟು ಹಾಕಿಕೊಳ್ಳದೆ ದಾರಿಯಿಲ್ಲವೇ?

ಉತ್ತರ: ಇದೆ. ಆದರೆ ದರ್ಜಿಯ ಬಳಿ ಹೋಗುವ ಮುಂಚೆ ಒಂದು ಪಟ್ಟಿ ಆಗಬೇಕು. ಪ್ರತಿ ಐಟಂಗೂ ಯಾವ ವಸ್ತು, ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಯಾವ ಕೈ, ಆಗ ನೀವು ಎತ್ತ ತಿರುಗಿರುತ್ತೀರಿ ಎಂದು ಬರೆಯಿರಿ. ಜೇಬು ಬೇಕೆಂದುಕೊಂಡ ಅರ್ಧದಷ್ಟು ಕಡೆ ಮೇಜು ಅಥವಾ ಕೈಚೀಲ ಸಾಕಾಗುತ್ತದೆ ಎಂದು ಆಗಲೇ ಗೊತ್ತಾಗುತ್ತದೆ. ಹೆಗಲ ಚೀಲ ನಿಮಗಿರುವ ದೊಡ್ಡ ಅನುಕೂಲ: ಹೆಂಗಸು ಚೀಲಕ್ಕೆ ಕೈ ಹಾಕಿದರೆ ಯಾರೂ ಅನುಮಾನಿಸುವುದಿಲ್ಲ. ಆದರೆ ಆರಂಭದಲ್ಲೇ ಒಂದೆರಡು ಸಲ ಸಹಜ ಕಾರಣಕ್ಕೆ, ಕನ್ನಡಕವನ್ನೋ ಪೆನ್ನನ್ನೋ ತೆಗೆಯಲು, ಅದನ್ನು ತೆರೆದಿರಬೇಕು. ಇಡೀ ಪ್ರದರ್ಶನದಲ್ಲಿ ಒಮ್ಮೆ ಮಾತ್ರ ತೆರೆದ ಚೀಲ ಎಲ್ಲರ ಕಣ್ಣಿಗೂ ಬೀಳುತ್ತದೆ.

ಜೇಬು ಬೇಕಾದ ಕಡೆ ಅಳತೆ ಕೊಟ್ಟೇ ಹೊಲಿಸಿ. ಇಸ್ಪೀಟಿನ ಒಂದು ಪ್ಯಾಕ್ ಹಿಡಿಸಲು ಆಳ 18ರಿಂದ 20 ಸೆಂ.ಮೀ., ಬಾಯಿ 15 ಸೆಂ.ಮೀ. ಇಟ್ಟರೆ ಕೈ ಅಂಚಿಗೆ ತಗುಲದೆ ಹೋಗಿ ಬರುತ್ತದೆ. ಸಿದ್ಧ ಉಡುಪಿನ ಜೇಬುಗಳು ಸಾಮಾನ್ಯವಾಗಿ ಇಷ್ಟು ದೊಡ್ಡದಿರುವುದಿಲ್ಲ. ಒಳಬಟ್ಟೆ ಗಟ್ಟಿ ಹತ್ತಿಯದಾಗಲಿ. ಸ್ಯಾಟಿನ್ ಆದರೆ ಕೈ ಹಾಕಿದಾಗ ಜೇಬೇ ತಿರುಚಿಕೊಳ್ಳುತ್ತದೆ. ಮುಖ್ಯವಾದದ್ದು, ಜೇಬಿನ ಭಾರವನ್ನು ಗೌನಿನ ಬಟ್ಟೆ ಹೊರಬಾರದು. ಒಳಗಡೆ ಸೊಂಟಕ್ಕೆ ಎಂಟು ಹತ್ತು ಸೆಂ.ಮೀ. ಅಗಲದ ಎಲಾಸ್ಟಿಕ್ ಪಟ್ಟಿ ಹಾಕಿಕೊಂಡು, ಜೇಬನ್ನು ಲಾಡಿಯಿಂದ ಅದಕ್ಕೆ ಕಟ್ಟಿಸಿ. ಹಾಗೆ ಮಾಡದಿದ್ದರೆ ಒಂದು ಕಡೆಯ ಅಂಚು ಜೋತುಬಿದ್ದು, ನೀವು ನಡೆಯುವಾಗ ಒಳಗಿನ ವಸ್ತು ತೊಡೆಗೆ ಬಡಿಯುವುದು ಮುಂದಿನ ಸಾಲಿನವರಿಗೆ ಕಾಣುತ್ತದೆ.

ತೋಳಿಲ್ಲದ ಉಡುಪನ್ನು ಕೊರತೆ ಎಂದುಕೊಳ್ಳಬೇಡಿ. "ತೋಳಿನೊಳಗೆ ಸೇರಿಸಿದಳು" ಎಂಬ ಅನುಮಾನ ಹುಟ್ಟುವುದಕ್ಕೇ ಜಾಗವಿಲ್ಲದ ಮೇಲೆ ಕೈಚಳಕಕ್ಕೆ ಬೆಲೆ ಎರಡು ಪಟ್ಟು. ಗೌನಿನ ಮೇಲೆ ಗಿಡ್ಡ ಜಾಕೆಟ್ ಹಾಕಿಕೊಂಡು, ಅರ್ಧದಲ್ಲಿ ಅದನ್ನು ಕಳಚಿಟ್ಟು ಮುಂದುವರಿಯುವುದು ಒಳ್ಳೆಯ ಯೋಜನೆ.

ಬಟ್ಟೆ ಮಂದವಾಗಿ, ಹೊಳಪಿಲ್ಲದೆ, ಸಣ್ಣ ವಿನ್ಯಾಸದ್ದಾಗಿದ್ದರೆ ಉಬ್ಬು ಕಾಣುವುದಿಲ್ಲ. ಸ್ಯಾಟಿನ್ ಮೇಲೆ ಪಕ್ಕದ ದೀಪ ಬಿದ್ದರೆ ಒಳಗಿನ ನಾಣ್ಯವೂ ನೆರಳು ಕೊಡುತ್ತದೆ. ಮಿಂಚಿನ ಬಿಲ್ಲೆಗಳಿಗೆ ರೇಷ್ಮೆ ಕರವಸ್ತ್ರ ಸಿಕ್ಕಿಕೊಳ್ಳುತ್ತದೆ. ನೈಲಾನ್, ಪಾಲಿಯೆಸ್ಟರ್‌ಗಳಲ್ಲಿ ಒಣಹವೆಯಲ್ಲಿ ಸ್ಥಿರವಿದ್ಯುತ್ ತುಂಬಿ ಕಣ್ಣಿಗೆ ಕಾಣದ ದಾರವನ್ನು ಎಳೆದುಕೊಂಡುಬಿಡುತ್ತವೆ. ಇದಕ್ಕಿಂತ ದೊಡ್ಡ ಮಾತು ಬೆಂಕಿಯದು. ಬೆಂಕಿ ತಗುಲಿದ ಕೂಡಲೇ ಭಗ್ಗನೆ ಉರಿದುಹೋಗುವ ಫ್ಲ್ಯಾಶ್ ಪೇಪರ್ ಎಂದರೆ ನೈಟ್ರೊಸೆಲ್ಯುಲೋಸ್. ಅದನ್ನು ಬಳಸುವ ದಿನ ಕೂದಲು ಕಟ್ಟಿರಬೇಕು, ಹೇರ್‌ಸ್ಪ್ರೇ ಹಾಕಲೇಬಾರದು, ಮೈಗೆ ಕರಗಿ ಅಂಟುವ ಸಿಂಥೆಟಿಕ್ ಬಟ್ಟೆ, ಇಳಿಬಿಟ್ಟ ತೋಳು, ಹೆಗಲಿಂದ ಜೋಲುವ ಬಟ್ಟೆ ಯಾವುದೂ ಬೇಡ. ಹಾಳೆಗಳನ್ನು ಒದ್ದೆಯಾಗಿಯೇ ಇಟ್ಟು, ಆ ಪ್ರದರ್ಶನಕ್ಕೆ ಬೇಕಾದಷ್ಟನ್ನು ಮಾತ್ರ ಒಣಗಿಸಿ. ಬೆಂಕಿ ಆರಿಸುವ ಸಾಧನ ಬಳಸಲು ತಿಳಿದ ಒಬ್ಬರು ಪರದೆಯ ಪಕ್ಕ ನಿಂತಿರಲಿ.

ಉಡುಪು ಬಂದ ಮೇಲೆ ಎಲ್ಲ ವಸ್ತುಗಳನ್ನೂ ತುಂಬಿಕೊಂಡು ಎರಡೂ ಕೈ ಮೇಲೆತ್ತಿ, ಕೂತು ಏಳಿ, ಮೆಟ್ಟಿಲು ಹತ್ತಿ, ಬೇಗ ಬೇಗ ನಡೆಯಿರಿ. ಬೆನ್ನ ಹಿಂದೆ ಪ್ರಬಲ ದೀಪ ಹಚ್ಚಿಸಿ, ಬಟ್ಟೆ ಪಾರದರ್ಶಕವಾಗುತ್ತದೆಯೇ ಎಂದು ಯಾರಾದರೂ ಎದುರಿಂದ ನೋಡಲಿ. ವೇದಿಕೆಗೆ ಹಾಕುವ ಚಪ್ಪಲಿಯಲ್ಲೇ ಅಭ್ಯಾಸ ಮಾಡಿ: ಐದು ಸೆಂ.ಮೀ. ಹಿಮ್ಮಡಿ ಏರಿದರೆ ಮೇಜು ಅಷ್ಟೇ ತಗ್ಗಿದಂತೆ. ನೀವು ಬಾಗುತ್ತೀರಿ, ಬಾಗಿದ್ದು ಅನುಮಾನ ತರುತ್ತದೆ. ಮೇಜಿನ ಕಾಲಿಗೂ ಐದು ಸೆಂ.ಮೀ. ಸೇರಿಸಿ.

ಪ್ರಶ್ನೆ: ನನ್ನ ಕೈ ಚಿಕ್ಕದು. ಇಸ್ಪೀಟು ಕಾರ್ಡ್ ಪಾಮ್ ಮಾಡಿದರೆ, ಅಂದರೆ ಅಂಗೈಯಲ್ಲಿ ಅಡಗಿಸಿಕೊಂಡರೆ, ಮೂಲೆ ಹೊರಗೆ ಇಣುಕುತ್ತದೆ. ಉಗುರುಬಣ್ಣ ಹಚ್ಚಬಾರದು ಎನ್ನುತ್ತಾರೆ, ನಿಜವೇ?

ಉತ್ತರ: ಪೋಕರ್ ಅಳತೆಯ ಕಾರ್ಡಿನ ಅಗಲ ಸುಮಾರು 63 ಮಿ.ಮೀ., ಬ್ರಿಜ್ ಅಳತೆಯದು ಸುಮಾರು 57. ಉದ್ದ ಎರಡಕ್ಕೂ ಒಂದೇ. ಆ ಆರು ಮಿ.ಮೀ. ಪಾಮ್‌ನಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ, ವೇದಿಕೆಯಿಂದ ಯಾರಿಗೂ ತಿಳಿಯುವುದಿಲ್ಲ. ಚೆಂಡುಗಳಲ್ಲಿ 50 ಮಿ.ಮೀ. ಬದಲು 43 ಅಥವಾ 38 ಮಿ.ಮೀ. ತೆಗೆದುಕೊಳ್ಳಿ. ಆದರೆ ಒಂದು ಮಾತು: ಪಾಮ್ ಸಿಕ್ಕಿಬೀಳುವುದು ಹೆಚ್ಚಾಗಿ ಕೈ ಚಿಕ್ಕದಾದ್ದಕ್ಕಲ್ಲ, ಕೈ ಸೆಟೆದುಕೊಂಡದ್ದಕ್ಕೆ. ವಸ್ತು ಅಂಗೈಯಲ್ಲಿರುವಾಗಲೇ ಲೋಟ ಎತ್ತುವುದು, ಪುಟ ತಿರುಗಿಸುವುದು, ಕೂದಲು ಸರಿಮಾಡಿಕೊಳ್ಳುವುದು ಅಭ್ಯಾಸವಾಗಲಿ. ಕೈಗೆ ಕೆಲಸ ಸಿಕ್ಕರೆ ಸೆಟೆತ ಹೋಗುತ್ತದೆ.

ಉಗುರುಬಣ್ಣ ಪಾತ್ರಕ್ಕೆ ಬೇಕಾದರೆ ಹಚ್ಚಿ. ಗಾಢ ಬಣ್ಣ ಬೆರಳತುದಿಯ ಕಡೆ ಕಣ್ಣು ಸೆಳೆಯುತ್ತದೆ. ದೊಡ್ಡ ಸಭಾಂಗಣದಲ್ಲಿ ಅದು ಅನುಕೂಲ, ಮೇಜಿನ ಪಕ್ಕದಲ್ಲಿ ತೊಡಕು. ಹತ್ತಿರದಿಂದ ಮಾಡುವ ಜಾದೂಗೆ ಮಾಸಲು ಬಣ್ಣವೇ ಸರಿ. ಕಿತ್ತುಹೋದ ಬಣ್ಣ ಎರಡೂ ಕಡೆ ಕೆಟ್ಟದ್ದು. ಉಗುರು ಬೆರಳತುದಿ ದಾಟಿ ಒಂದೆರಡು ಮಿ.ಮೀ. ಮೀರಿದರೆ ಒಂದೊಂದೇ ಕಾರ್ಡ್ ಎತ್ತುವ ಸ್ಪರ್ಶ ಹೋಗುತ್ತದೆ. ಉಂಗುರ ನಾಣ್ಯಕ್ಕೆ ತಗುಲಿ ಸದ್ದು ಮಾಡುತ್ತದೆ, ತೆಗೆದಿಡಿ.

ಪ್ರಶ್ನೆ: ಗಾಬರಿಯಾದರೆ ನನ್ನ ದನಿ ಏರಿಬಿಡುತ್ತದೆ. ಮೈಕೂ ಸದಾ ತೊಂದರೆ ಕೊಡುತ್ತದೆ.

ಉತ್ತರ: ದನಿಯನ್ನು ಬಲವಂತವಾಗಿ ತಗ್ಗಿಸಬೇಡಿ, ಗಂಟಲು ಕಟ್ಟುತ್ತದೆ. ಏರುವುದಕ್ಕೆ ಕಾರಣ ಮೇಲುಸಿರು. ಮೊದಲ ಮಾತಿಗೆ ಮುಂಚೆ ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ಮತ್ತೆ ಹೊಟ್ಟೆ ತುಂಬ ಎಳೆದುಕೊಳ್ಳಿ. ಶುರುವಿನ ಮೂರು ವಾಕ್ಯ ಏಳೆಂಟು ಪದಕ್ಕಿಂತ ಉದ್ದ ಬೇಡ. ವಾಕ್ಯದ ಕೊನೆಯನ್ನು ಪ್ರಶ್ನೆಯಂತೆ ಮೇಲಕ್ಕೆ ಎಳೆಯದೆ ಇಳಿಸಿ ನಿಲ್ಲಿಸಿ. ಏರಿದ ಕೊನೆ ಅಪ್ಪಣೆ ಕೇಳಿದಂತಿರುತ್ತದೆ.

ಎರಡೂ ಕೈ ಬೇಕಾದ್ದರಿಂದ ಹೆಡ್‌ಸೆಟ್ ಮೈಕೇ ಒಳ್ಳೆಯದು. ಎದೆಗೆ ಸಿಕ್ಕಿಸುವ ಮೈಕಿಗೆ ಸರ, ಇಳಿಬಿಟ್ಟ ಕೂದಲು ಉಜ್ಜಿ ಕರಕರ ಎನ್ನುತ್ತದೆ. ಟ್ರಾನ್ಸ್‌ಮಿಟರ್ ಡಬ್ಬಿಗೆ ಬೆಲ್ಟ್ ಇಲ್ಲದ ಉಡುಪಿನಲ್ಲಿ ಜಾಗವಿರುವುದಿಲ್ಲ. ಮೇಲೆ ಹೇಳಿದ ಎಲಾಸ್ಟಿಕ್ ಪಟ್ಟಿಯ ಹಿಂಭಾಗದಲ್ಲಿ, ಬೆನ್ನಿನ ನಡುವೆ ಅದಕ್ಕೊಂದು ಚೀಲ ಹೊಲಿಸಿ. ಕೈ ಹೋಗಿ ಬರುವ ದಾರಿಯಲ್ಲಿ ತಂತಿ ಇರದಂತೆ ನೋಡಿಕೊಳ್ಳಿ. ಉಡುಪು ತೊಡುವ ಮುಂಚೆಯೇ ಧ್ವನಿ ವ್ಯವಸ್ಥೆಯವರಿಂದ ಡಬ್ಬಿ ತರಿಸಿಕೊಂಡರೆ ಕೊನೆ ಗಳಿಗೆಯಲ್ಲಿ ಅಪರಿಚಿತರು ನಿಮ್ಮ ಬೆನ್ನಿಗೆ ಕೈ ಹಾಕುವ ಮುಜುಗರವೂ ತಪ್ಪುತ್ತದೆ.

ಪ್ರಶ್ನೆ: ವೇದಿಕೆಗೆ ಕರೆದ ಗಂಡಸು ಹೆಗಲ ಮೇಲೆ ಕೈ ಹಾಕುವುದು, ರೂಪದ ಬಗ್ಗೆ ಏನಾದರೂ ಅನ್ನುವುದು ಆಗುತ್ತಿರುತ್ತದೆ. ಪಾತ್ರ ಬಿಡದೆ ಹೇಗೆ ನಿಭಾಯಿಸಲಿ?

ಉತ್ತರ: ಅರ್ಧ ಕೆಲಸ ಅವನು ಮೆಟ್ಟಿಲು ಹತ್ತುವ ಮುಂಚೆಯೇ ಮುಗಿದಿರಬೇಕು. ಹಿಂದಿನ ಐಟಂಗಳಲ್ಲಿ ಗಮನವಿಟ್ಟು ನೋಡಿದವರನ್ನು, ಸ್ವಲ್ಪ ಸಂಕೋಚ ಇರುವವರನ್ನು ಆರಿಸಿ. ಕೈಯೆತ್ತಿ ಕೂಗುವವನನ್ನು, ಗೆಳೆಯರು ತಳ್ಳಿ ಕಳಿಸುವವನನ್ನು ಬಿಟ್ಟುಬಿಡಿ. ಅವನು ನಿಲ್ಲುವ ಜಾಗಕ್ಕೆ ನೆಲದ ಮೇಲೆ ಗುರುತು ಹಾಕಿ. ಇಬ್ಬರ ನಡುವೆ ಮೇಜಿರಲಿ. ಬಂದ ಕೂಡಲೇ ಎರಡೂ ಕೈಯಲ್ಲಿ ಹಿಡಿಯಬೇಕಾದ ಏನನ್ನಾದರೂ ಕೊಡಿ: ತಟ್ಟೆ, ಪೆಟ್ಟಿಗೆ, ಹಗ್ಗದ ಎರಡು ತುದಿ. ಕೈ ಖಾಲಿಯಿಲ್ಲದವನು ಹೆಗಲು ಮುಟ್ಟಲಾರ.

ಕೆಟ್ಟ ಮಾತು ಬಂದರೆ ಮೊದಲ ಸಲ ಅದಕ್ಕೆ ಉತ್ತರವನ್ನೇ ಕೊಡದೆ, ಅವನ ಹೆಸರು ಹಿಡಿದು ಸೂಚನೆಯನ್ನು ಮತ್ತೆ ಹೇಳಿ, ಅದೇ ದನಿಯಲ್ಲಿ. ಎರಡನೆಯ ಸಲಕ್ಕೆ "ಧನ್ಯವಾದ, ನಿಮ್ಮ ಜಾಗಕ್ಕೆ ಹೋಗಬಹುದು" ಎಂದು ಚಪ್ಪಾಳೆ ಕೊಡಿಸಿ ಕಳಿಸಿಬಿಡಿ. ಇದಕ್ಕಾಗಿ ಜನರನ್ನು ಕರೆಯುವ ಪ್ರತಿ ಐಟಂಗೂ ಅವರಿಲ್ಲದೆ ಮುಗಿಸುವ ದಾರಿ ಸಿದ್ಧವಿರಬೇಕು. ಅವಮಾನ ಮಾಡುವ ನಗೆಮಾತು ಬೇಡ. ಜನ ಆ ಕ್ಷಣ ನಗುತ್ತಾರೆ, ಮುಂದಿನ ಐಟಂಗೆ ಯಾರೂ ಮೇಲೆ ಬರುವುದಿಲ್ಲ. ಮೈಮುಟ್ಟಿದರೆ ಪಾತ್ರದ ಹಂಗು ಬೇಡ. ಹಿಂದೆ ಸರಿದು ಸಹಜ ದನಿಯಲ್ಲಿ "ಮುಟ್ಟಬೇಡಿ" ಎನ್ನಿ. ಪರದೆಯ ಪಕ್ಕದವರು ಯಾವ ಸನ್ನೆಗೆ ಒಳಗೆ ಬರಬೇಕು ಎಂಬುದನ್ನು ಮೊದಲೇ ಮಾತಾಡಿಟ್ಟುಕೊಳ್ಳಿ.

ಪ್ರಶ್ನೆ: ಆಕರ್ಷಕವಾಗಿ ಕಾಣಲೇಬೇಕೇ? ನನಗೆ ಐವತ್ತು ದಾಟಿದೆ.

ಉತ್ತರ: ನೋಡಲು ಬೇಕೆನ್ನಿಸಬೇಕು, ಅಷ್ಟೇ. ಡೆಲ್ ಓಡೆಲ್ ಎಂಬ ಅಮೆರಿಕದ ಜಾದೂಗಾರ್ತಿ ಪ್ರಾಸಬದ್ಧ ಮಾತಿನಿಂದ, ಜನರ ಜೊತೆಗಿನ ತಮಾಷೆಯಿಂದ ಹೆಸರಾದವರು. ಅಡಿಲೇಡ್ ಹರ್ಮನ್ ಎಪ್ಪತ್ತು ದಾಟಿದರೂ ವೇದಿಕೆ ಬಿಡಲಿಲ್ಲ. ಐವತ್ತರ ಹೆಂಗಸಿನ ಮಾತನ್ನು ಜನ ಇಪ್ಪತ್ತರವಳದಕ್ಕಿಂತ ಬೇಗ ನಂಬುತ್ತಾರೆ, ಮನಸ್ಸು ಓದುವ ಐಟಂಗಳಿಗೆ ಇದಕ್ಕಿಂತ ಒಳ್ಳೆಯ ಬಂಡವಾಳ ಇಲ್ಲ.

ಪ್ರಶ್ನೆ: ವೇದಿಕೆಗೆ ಬೇರೆ ಹೆಸರು ಬೇಕೇ?

ಉತ್ತರ: ಒಮ್ಮೆ ಕೇಳಿದರೆ ಬರೆಯಲು ಬರುವಂತಿದ್ದರೆ ನಿಮ್ಮ ಹೆಸರೇ ಸಾಕು. "ರಾಣಿ", "ಮಾಯಾ" ಎಂದು ಸೇರಿಸಿದರೆ ಪಾತ್ರ ಬದಲಾದಾಗ ಹೆಸರು ಕಾಲಿಗೆ ತೊಡರುತ್ತದೆ.

ಪ್ರಶ್ನೆ: ಪಾತ್ರದಲ್ಲಿರುವಾಗ ಟ್ರಿಕ್ ಕೈಕೊಟ್ಟರೆ?

ಉತ್ತರ: ಪ್ರತಿ ಐಟಂಗೂ ಎರಡು ವಾಕ್ಯ ಬರೆದಿಡಿ: ಇದು ಎಲ್ಲಿ ಕೈಕೊಡಬಹುದು, ಆಗ ಇವಳು ಏನು ಮಾಡುತ್ತಾಳೆ. ಪಂಥ ಕಟ್ಟುವ ಪಾತ್ರಕ್ಕೆ ಸೋಲು ದುಬಾರಿ, ಆದ್ದರಿಂದ ಅವಳು "ಇನ್ನೂ ಮುಗಿದಿಲ್ಲ" ಎಂದು ಅದೇ ವಸ್ತುವಿನಲ್ಲಿ ಬೇರೆ ಕೊನೆ ತರಬೇಕು. ಶಕ್ತಿ ಹಿಡಿತದಲ್ಲಿಲ್ಲದವಳಿಗೆ ಇದು ಸಲೀಸು: ಅವಳಿಗೆ ಎಡವಟ್ಟು ಸಹಜ, ವಸ್ತುವನ್ನು ಗದರಿ ಪಕ್ಕಕ್ಕಿಟ್ಟರೆ ಜನ ಅದನ್ನೂ ಐಟಂ ಎಂದೇ ನಂಬುತ್ತಾರೆ. "ಸಾರಿ" ಎನ್ನುವುದು, ಪರದೆಯ ಕಡೆ ನೋಡುವುದು, ನಾಲಿಗೆ ಕಚ್ಚಿಕೊಳ್ಳುವುದು ಈ ಮೂರನ್ನು ಮಾತ್ರ ಬಿಡಬೇಕು. ಅಭ್ಯಾಸದ ವೇಳೆ ಗೆಳತಿಯೊಬ್ಬಳಿಗೆ ಗಂಟೆ ಕೊಟ್ಟು, ಅವಳಿಗೆ ಬೇಕಾದ ಕಡೆ ಬಾರಿಸಲು ಹೇಳಿ. ಗಂಟೆ ಕೇಳಿದ ಕೂಡಲೇ ಆ ಐಟಂ ಕೆಟ್ಟಿತು ಎಂದುಕೊಂಡು, ಪಾತ್ರದಿಂದ ಹೊರಬಾರದೆ ಹದಿನೈದು ಸೆಕೆಂಡಿನಲ್ಲಿ ಮುಂದಿನದಕ್ಕೆ ದಾಟಬೇಕು.